ಟ್ಯಾಂಕ್ ತುಂಬ ಎಣ್ಣೆ, ಆದರೂ ಬಜರ್: ನೇತ್ರಾಣಿ ಬೋಟಿನ ಒಂದು ಪ್ರಕರಣ

ಡಿಸೆಂಬರ್ ಎರಡನೇ ವಾರ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಫೋನ್ ಬಂತು. ಹಿನ್ನೆಲೆಯಲ್ಲಿ ಗಾಳಿ, ಅಲೆ, ಅದರ ಮೇಲೆ ಒಂದೇ ಸಮನೆ ಕೀ ಎನ್ನುವ ಸದ್ದು.

"ಹ್ವಾಯ್, ಮತ್ತೆ ಕೂಗುಕೆ ಶುರು ಮಾಡ್ತ್ ಮಾರಾಯ್ರೆ. ಎಣ್ಣಿ ಟ್ಯಾಂಕ್ ಫುಲ್ಲಿತ್ತ್. ನೀರೂ ಸಮಾ ಹೊಡಿತಿತ್ತ್. ಎಂತ ಮಾಡೂದೀಗ?"

ಎಣ್ಣಿ ಎಂದರೆ ಇಲ್ಲಿ ಪೆಟ್ರೋಲ್ ಅಲ್ಲ, ಇಂಜಿನ್ ಒಳಗೆ ಸವೆಯದಂತೆ ಜಾರಿಸುವ ಎಣ್ಣೆ. ನೀರು ಎಂದರೆ ಇಂಜಿನ್ ತಂಪು ಮಾಡಿ ಹಿಂದಿನಿಂದ ಚಿಮ್ಮುವ ನೀರು. ಮೂರು ದಿನದ ಹಿಂದಷ್ಟೇ ನಾನೇ ಹೋಗಿ, ಸರಿಯಾಯ್ತು ಎಂದು ಹೇಳಿ, ಅವರ ಲೆಕ್ಕದಲ್ಲಿ ಚಹಾ ಕುಡಿದು ಬಂದ ಇಂಜಿನ್ ಅದು. ಹಾಗಾಗಿ ಈ ಬರಹದಲ್ಲಿ ನನ್ನ ತಪ್ಪೂ ಇದೆ.

ಬೋಟ್ ಮುರ್ಡೇಶ್ವರದ್ದು. ಮಾಲೀಕರು ಶಿರೂರು ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಅಣ್ಣ ಎಂದೇ ಕರೆಯುವುದು. ಅಕ್ಟೋಬರಿನಿಂದ ಮೇ ತನಕ ಸ್ಕೂಬಾ ಡೈವಿಂಗ್‌ಗೆ ಬಂದವರನ್ನು ನೇತ್ರಾಣಿಗೆ ಕರೆದೊಯ್ಯುವ ಕೆಲಸ. ದಡದಿಂದ ದ್ವೀಪಕ್ಕೆ ಸುಮಾರು 10 ನಾಟಿಕಲ್ ಮೈಲು, ಕಿಲೋಮೀಟರ್ ಲೆಕ್ಕದಲ್ಲಿ 19ರ ಹತ್ತಿರ. ಎಲ್ಲ ಸರಿ ಇದ್ದರೆ ಮುಕ್ಕಾಲು ಗಂಟೆಯ ಓಟ. ಇಂಜಿನ್ 115 ಹಾರ್ಸ್ ಪವರ್‌ನ ಟೂ ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ಬೋಟಿನ ಹಿಂಬದಿಗೆ ಹೊರಗಿನಿಂದ ಕಟ್ಟುವಂಥದ್ದು, ನಾಲ್ಕು ಸಿಲಿಂಡರ್, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದು. ಮಳೆಗಾಲದಲ್ಲಿ ಬೋಟನ್ನು ದಡಕ್ಕೆ ಎಳೆದು ಟಾರ್ಪಾಲು ಹೊದಿಸಿಡುತ್ತಾರೆ. ಟಾರ್ಪಾಲಿನ ಮಾತು ಮುಂದೆ ಮತ್ತೆ ಬರುತ್ತದೆ.

ತೊಂದರೆ ಶುರುವಾದದ್ದು ನವೆಂಬರ್ ಕೊನೆಗೆ. ದಡ ಬಿಟ್ಟು ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಬಜರ್ ಕೂಗುತ್ತದೆ, ಅದರ ಬೆನ್ನಿಗೇ ಇಂಜಿನ್ ನಡುಗಿ ವೇಗ ಬಿದ್ದುಹೋಗುತ್ತದೆ. ಎಷ್ಟು ಥ್ರಾಟಲ್ (ಎಕ್ಸಲರೇಟರ್) ಕೊಟ್ಟರೂ ನಿಮಿಷಕ್ಕೆ 2000 ಸುತ್ತು, ಅಂದರೆ 2000 ಆರ್‌ಪಿಎಂ ದಾಟುವುದಿಲ್ಲ. ಐದು ನಿಮಿಷ ನಿಧಾನಕ್ಕೆ ಹೋದರೆ ಸದ್ದು ನಿಲ್ಲುತ್ತದೆ. ಮತ್ತೆ ಥ್ರಾಟಲ್ ಎತ್ತಿದರೆ ಸ್ವಲ್ಪ ಹೊತ್ತು ಓಡಿ ಮತ್ತೆ ಕೂಗುತ್ತದೆ. ಇದನ್ನು ಕೇಳಿದ ಯಾರಿಗಾದರೂ ಮೊದಲು ತಲೆಗೆ ಬರುವುದು ಇಂಜಿನ್ ಬಿಸಿಯಾಗುತ್ತಿದೆ ಎಂದೇ. ಓಡಿಸಿದರೆ ಕಾಯುತ್ತದೆ, ನಿಧಾನ ಮಾಡಿದರೆ ಆರುತ್ತದೆ. ಹಾಗೆಂದೇ ನನಗಿಂತ ಮೊದಲು ನೋಡಿದವರು ನೀರಿನ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರಬ್ಬರ್ ಚಕ್ರ) ಬದಲಿಸಿದ್ದರು, ಥರ್ಮೋಸ್ಟಾಟ್ ಬದಲಿಸಿದ್ದರು. ನಡುಗುವುದನ್ನು ಕಂಡು ಪೆಟ್ರೋಲ್ ಫಿಲ್ಟರನ್ನೂ ಬದಲಿಸಿದ್ದರು. ಆ ನಡುಕ ಪೆಟ್ರೋಲಿನ ದೋಷವಲ್ಲ. ಅಪಾಯ ಕಂಡಾಗ ಇಂಜಿನ್‌ನ ಇಗ್ನಿಷನ್ ಘಟಕ ತಾನಾಗಿಯೇ ಕೆಲವು ಸಿಲಿಂಡರಿನ ಕಿಡಿ ಕತ್ತರಿಸಿ ವೇಗ ಇಳಿಸುತ್ತದೆ. ನಾಲ್ಕು ಕಾಲಿನ ದನ ಎರಡು ಕಾಲಲ್ಲಿ ನಡೆದರೆ ಹೇಗೋ ಹಾಗೆ ನಡುಗುತ್ತದೆ.

ಈ ಇಂಜಿನ್‌ನಲ್ಲಿ ಎಣ್ಣೆ ಮುಗಿದರೂ ಬಜರ್ ಒಂದೇ, ಬಿಸಿಯಾದರೂ ಬಜರ್ ಒಂದೇ. ಎರಡಕ್ಕೂ ಎಡೆಬಿಡದ ಅದೇ ಸದ್ದು, ಅದೇ 2000 ಆರ್‌ಪಿಎಂ ಕಡಿವಾಣ. ಯಾವುದಕ್ಕೆ ಕೂಗಿತು ಎಂದು ಹೇಳುವುದು ಎದುರಿಗಿರುವ ಮೀಟರ್. ಅದರಲ್ಲಿ ಎಣ್ಣೆಗೆ ಬೇರೆ ಗುರುತು, ಬಿಸಿಗೆ ಬೇರೆ ಗುರುತು. ಈ ಬೋಟಿನ ಮೀಟರ್ ಬಿಸಿಲಿಗೆ ಸುಟ್ಟು ಪರದೆ ಪೂರಾ ಕಪ್ಪಾಗಿತ್ತು. ಎರಡು ವರ್ಷದಿಂದ ಹಾಗೇ ಇದೆಯಂತೆ. ಅಂದರೆ ಇಂಜಿನ್‌ಗೆ ಬಾಯಿ ಇತ್ತು, ಮಾತಿರಲಿಲ್ಲ. ಬೇರೆ ಕಂಪನಿಗಳ ಕೆಲವು ಇಂಜಿನ್‌ಗಳಲ್ಲಿ ಬಿಟ್ಟು ಬಿಟ್ಟು ಕೂಗಿದರೆ ಎಣ್ಣೆ, ಬಿಡದೆ ಕೂಗಿದರೆ ಬಿಸಿ ಎಂಬ ಲೆಕ್ಕವಿರುತ್ತದೆ. ಆ ಲೆಕ್ಕ ಕಲಿತವನು ಈ ಇಂಜಿನ್ ಮುಂದೆ ನಿಂತರೆ ನೂರಕ್ಕೆ ನೂರು ತಪ್ಪು ದಾರಿ ಹಿಡಿಯುತ್ತಾನೆ. ಯಾರದ್ದೇ ಇಂಜಿನ್ ಇರಲಿ, ಅದರದ್ದೇ ಪುಸ್ತಕ ನೋಡದೆ ಸದ್ದಿಗೆ ಅರ್ಥ ಹಚ್ಚಬಾರದು.

ನಾಡದೋಣಿಯ ಸಣ್ಣ ಇಂಜಿನ್ ಕಂಡವರಿಗೆ ಈ ವ್ಯವಸ್ಥೆ ಹೊಸದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಸಣ್ಣ ಟೂ ಸ್ಟ್ರೋಕಿಗೆ ಎಣ್ಣೆಯನ್ನು ನಾವೇ ಇಂಧನಕ್ಕೆ ಬೆರೆಸುತ್ತೇವೆ. 50ಕ್ಕೆ 1 ಎಂದರೆ 25 ಲೀಟರ್ ಪೆಟ್ರೋಲಿಗೆ ಅರ್ಧ ಲೀಟರ್. ಬೆರೆಸಿದ ಮೇಲೆ ಇಂಧನ ಹೋದಲ್ಲೆಲ್ಲ ಎಣ್ಣೆಯೂ ಹೋಯಿತು, ಅಲಾರಂ ಗೊಡವೆಯೇ ಇಲ್ಲ. ದೊಡ್ಡ ಇಂಜಿನ್‌ನಲ್ಲಿ ಎಣ್ಣೆಗೆ ಬೇರೆ ದಾರಿ. ಸೀಟಿನ ಕೆಳಗೆ ಹತ್ತು ಲೀಟರಿನ ದೊಡ್ಡ ಟ್ಯಾಂಕ್, ಅದರ ಮುಚ್ಚಳದ ಪಕ್ಕ ಕರೆಂಟಿನ ಪಂಪ್. ಆ ಪಂಪು ಎಣ್ಣೆಯನ್ನು ಇಂಜಿನ್‌ನ ಕೌಲಿಂಗ್ (ಮೇಲಿನ ಮುಚ್ಚಳ) ಒಳಗಿರುವ ಚಿಕ್ಕ ಟ್ಯಾಂಕಿಗೆ ಕಳಿಸುತ್ತದೆ, ಒಂದು ಲೀಟರಿಗೂ ಸ್ವಲ್ಪ ಕಡಿಮೆ ಹಿಡಿಯುವಂಥದ್ದು. ಅಲ್ಲಿಂದ ಇಂಜಿನ್ನೇ ತಿರುಗಿಸುವ ಇನ್ನೊಂದು ಪಂಪು ಥ್ರಾಟಲ್ ಎಷ್ಟು ತೆರೆದಿದೆ ಎಂದು ನೋಡಿ ಸಿಲಿಂಡರಿಗೆ ಅಳತೆಯಲ್ಲಿ ಕೊಡುತ್ತದೆ. ನಿಧಾನಕ್ಕೆ ಓಡುವಾಗ 100 ಪಾಲು ಪೆಟ್ರೋಲಿಗೆ ಒಂದು ಪಾಲಿಗಿಂತ ಕಡಿಮೆ, ಪೂರ್ತಿ ಥ್ರಾಟಲಿನಲ್ಲಿ 50ಕ್ಕೆ 1ರ ಹತ್ತಿರ. ಚಿಕ್ಕ ಟ್ಯಾಂಕಿನೊಳಗೆ ಒಂದು ಫ್ಲೋಟ್, ಅಂದರೆ ಎಣ್ಣೆಯ ಮೇಲೆ ತೇಲುವ ಸ್ವಿಚ್ ಇದೆ. ಮಟ್ಟ ಇಳಿದರೆ ಅದು ದೊಡ್ಡ ಟ್ಯಾಂಕಿನ ಪಂಪಿಗೆ ಕರೆಂಟ್ ಕೊಡಿಸುತ್ತದೆ, ಇನ್ನೂ ಇಳಿದರೆ ಬಜರ್ ಕೂಗಿಸುತ್ತದೆ.

ಅಂದರೆ ಅಣ್ಣ ದಿನಾ ಬೆಳಿಗ್ಗೆ ಸೀಟ್ ಎತ್ತಿ "ಫುಲ್ಲಿತ್ತ್" ಎಂದು ನೋಡುತ್ತಿದ್ದದ್ದು ದೊಡ್ಡ ಟ್ಯಾಂಕ್. ಬಜರಿಗೂ ಆ ಟ್ಯಾಂಕಿಗೂ ನೇರ ಸಂಬಂಧವೇ ಇಲ್ಲ. ಗೋದಾಮಿನಲ್ಲಿ ಅಕ್ಕಿ ಮೂಟೆ ಇದ್ದ ಮಾತ್ರಕ್ಕೆ ಅನ್ನದ ಪಾತ್ರೆ ತುಂಬುತ್ತದೆಯೇ?

ಮೊದಲ ಸಲ ಹೋದಾಗ ನಾನು ಸ್ಪ್ಯಾನರ್ ಮುಟ್ಟುವ ಮೊದಲು ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದೆ. ಕೆಲಸಕ್ಕೆ ಬಂದದ್ದು ಒಂದೇ ಉತ್ತರ, ಅದೂ ಬೋಟ್ ಓಡಿಸುವ ಹುಡುಗ ಹೇಳಿದ್ದು. ಹೋಗುವಾಗ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಕೂಗುತ್ತದೆ, ವಾಪಸ್ ಬರುವಾಗ ಐದೇ ನಿಮಿಷಕ್ಕೆ ಕೂಗುತ್ತದೆ. ನೇತ್ರಾಣಿಯಲ್ಲಿ ಜನ ನೀರಿಗಿಳಿದಿರುವಾಗ ಇಂಜಿನ್ ಎರಡು ಗಂಟೆ ಬಂದ್ ಇರುತ್ತದೆ. ಬಿಸಿಯ ದೋಷವಾಗಿದ್ದರೆ ಎರಡು ಗಂಟೆಯಲ್ಲಿ ಇಂಜಿನ್ ಪೂರಾ ತಣ್ಣಗಾಗಿ, ಬೆಳಿಗ್ಗೆ ಎಷ್ಟು ಹೊತ್ತು ಓಡಿತೋ ಹೆಚ್ಚುಕಡಿಮೆ ಅಷ್ಟೇ ಹೊತ್ತು ಓಡಬೇಕಿತ್ತು. ತಣ್ಣಗಿನ ಇಂಜಿನ್ ಬೆಳಿಗ್ಗೆ ಇಪ್ಪತ್ತು ನಿಮಿಷ ತಾಳಿ ಮಧ್ಯಾಹ್ನ ಐದು ನಿಮಿಷವೂ ತಾಳುವುದಿಲ್ಲ ಎಂದರೆ, ಖಾಲಿಯಾಗುತ್ತಿರುವುದು ಏನೋ ಇದೆ, ನಿಂತಿದ್ದಾಗ ಅದು ತುಂಬಿಕೊಳ್ಳುತ್ತಿಲ್ಲ.

ಆದರೂ ಊಹೆ ನಂಬಿ ಬಿಸಿಯನ್ನು ಬಿಡುವ ಹಾಗಿಲ್ಲ. ಸಮುದ್ರಕ್ಕೆ ಹೋಗುವ ಮೊದಲು ಪೆಟ್ರೋಲ್ ಟ್ಯಾಂಕಿಗೇ 50ಕ್ಕೆ 1ರಂತೆ ಎಣ್ಣೆ ಬೆರೆಸಿದೆ. ಎಣ್ಣೆ ದಾರಿಯ ಮೇಲೆ ಸಂಶಯವಿರುವ ಇಂಜಿನ್ನನ್ನು ಪರೀಕ್ಷೆಯ ಹೆಸರಲ್ಲಿ ಹಾಗೇ ಓಡಿಸಿ ಪಿಸ್ಟನ್ ಕಚ್ಚಿಸಿಕೊಂಡವರು ನನಗೆ ಗೊತ್ತು. ಹೊಗೆ ಜಾಸ್ತಿಯಾಗುತ್ತದೆ, ಪ್ಲಗ್ಗಿಗೆ ಕಿಟ್ಟ ಹಿಡಿಯಬಹುದು, ಅಷ್ಟೇ. ಅಲಾರಂ ಕೂಗಿದ ಕೂಡಲೇ ಥ್ರಾಟಲ್ ಇಳಿಸಿ ಕೌಲಿಂಗ್ ತೆಗೆದು ಎರಡೂ ಕಡೆಯ ಸಿಲಿಂಡರ್ ಹೆಡ್ಡಿಗೆ ಟೆಂಪರೇಚರ್ ಗನ್ ಹಿಡಿದೆ. ಒಂದು ಕಡೆ 56 ಡಿಗ್ರಿ, ಇನ್ನೊಂದು ಕಡೆ 58. ಬಿಸಿಯ ಸ್ವಿಚ್ ಕೂಗಿಸಲು 80 ದಾಟಬೇಕು. ಇಂಜಿನ್ ಹಿಂದಿನಿಂದ ಚಿಮ್ಮುವ ನೀರಿಗೆ ಕೈ ಒಡ್ಡಿದೆ, ಉಗುರುಬೆಚ್ಚಗಿತ್ತು. ಚಿಕ್ಕ ಟ್ಯಾಂಕಿಗೆ ಟಾರ್ಚ್ ಹಿಡಿದರೆ ಎಣ್ಣೆ ಕೆಳಗಿನ ಗೆರೆಗಿಂತಲೂ ಕೆಳಗೆ. ಬೋಟು ಮೂತಿ ಎತ್ತಿ ಓಡುವಾಗ ಇರುವ ಅಷ್ಟೂ ಒಂದು ಮೂಲೆಗೆ ಸರಿಯುತ್ತದೆ, ನಿಧಾನವಾದಾಗ ಮಟ್ಟಸವಾಗುತ್ತದೆ. ಸದ್ದು ಬಂದು ಹೋಗುವುದಕ್ಕೆ ಅರ್ಧ ಕಾರಣ ಅಲ್ಲೇ ಕಂಡಿತು.

ಬಿಸಿಯ ಮಾತು ಅಲ್ಲಿಗೆ ಮುಗಿಯಿತು. ಎಣ್ಣೆ ಯಾಕೆ ಬರುತ್ತಿಲ್ಲ ಎನ್ನುವುದು ಉಳಿಯಿತು.

ಇಂಜಿನ್ ಪಕ್ಕದಲ್ಲಿ ಒಂದು ತುರ್ತು ಸ್ವಿಚ್ ಇದೆ. ಫ್ಲೋಟ್ ಏನೇ ಹೇಳಲಿ, ಅದನ್ನು ಒತ್ತಿ ಹಿಡಿದರೆ ದೊಡ್ಡ ಟ್ಯಾಂಕಿನ ಪಂಪು ಓಡಲೇಬೇಕು. ಕಡಲ ಮಧ್ಯೆ ಸಿಕ್ಕಿಬಿದ್ದವರಿಗೆಂದೇ ಇಟ್ಟದ್ದು. ಅಣ್ಣನಿಗೂ ಹುಡುಗನಿಗೂ ಅದು ಏನೆಂದೇ ಗೊತ್ತಿರಲಿಲ್ಲ, ಅದರ ಮೇಲೆ ಒರೆಸುವ ಬಟ್ಟೆ ನೇತು ಹಾಕಿದ್ದರು. ಹುಡುಗನಿಗೆ ಒತ್ತಲು ಹೇಳಿ ನಾನು ಸೀಟಿನ ಕೆಳಗೆ ಬಗ್ಗಿ, ದೊಡ್ಡ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡೆ. ಗುಂಯ್ ಎನ್ನುತ್ತಿತ್ತು, ಆದರೆ ನಿದ್ದೆಗಣ್ಣಿನ ಗುಂಯ್. ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಚ್ಚಿದರೆ ಬ್ಯಾಟರಿಯಲ್ಲಿ 12.4 ವೋಲ್ಟ್, ಪಂಪ್ ಓಡುತ್ತಿರುವಾಗ ಅದರ ಕನೆಕ್ಟರಿನಲ್ಲಿ 9.1. ಕನೆಕ್ಟರ್ ಬಿಚ್ಚಿದೆ. ಪಿನ್ನು ಹಸಿರು ಕಿಲುಬು ಹಿಡಿದು ಉದುರುತ್ತಿತ್ತು. ಉಪ್ಪುಗಾಳಿಯಲ್ಲಿ ಇದು ಹೊಸತೇನಲ್ಲ. ಪಿನ್ ಬದಲಿಸಿ, ಗ್ರೀಸ್ ತುಂಬಿ ಮುಚ್ಚಿದೆ. ಈಗ ಪಂಪಿನ ದನಿ ಏರಿತು, 12 ವೋಲ್ಟ್ ಬರುತ್ತಿತ್ತು. ಕಾರಣ ಸಿಕ್ಕಿತು ಎಂದು ಖುಷಿಯಾಗಿ ಎದ್ದು ಬಂದೆ.

ನಾನು ಎಡವಿದ್ದು ಇಲ್ಲಿ. ಪಂಪು ಓಡಿದರೆ ಎಣ್ಣೆ ಹೋಗುತ್ತಿದೆ ಎಂದು ತಿಳಿದೆ. ದೊಡ್ಡ ಟ್ಯಾಂಕ್ ತುಂಬಿದೆ ಎಂದು ಅಣ್ಣ ನಂಬಿದ್ದಕ್ಕೂ ನಾನು ಇದನ್ನು ನಂಬಿದ್ದಕ್ಕೂ ಏನೂ ವ್ಯತ್ಯಾಸವಿಲ್ಲ. ಇಬ್ಬರೂ ಎಣ್ಣೆ ತಲುಪುವ ಜಾಗವನ್ನು ನೋಡದೆ, ಹೊರಡುವ ಜಾಗ ನೋಡಿ ಸಮಾಧಾನಪಟ್ಟವರೇ. ಇನ್ನೊಂದು ಸುಳಿವೂ ಕಣ್ಣೆದುರಿಗೇ ಇತ್ತು: ತುರ್ತು ಸ್ವಿಚ್ ಬಿಟ್ಟ ಮೇಲೂ ಪಂಪಿನ ಸದ್ದು ನಿಂತಿರಲಿಲ್ಲ. ಚಿಕ್ಕ ಟ್ಯಾಂಕ್ ತುಂಬಿದರೆ ಪಂಪು ತಾನೇ ನಿಲ್ಲಬೇಕು. ನಿಲ್ಲುತ್ತಿಲ್ಲ ಎಂದರೆ ತುಂಬುತ್ತಿಲ್ಲ ಎಂದು. ಅದು ಹೊಳೆದದ್ದು ಎರಡನೇ ಫೋನ್ ಬಂದ ಮೇಲೆ, ಬೈಕಿನಲ್ಲಿ ಹೋಗುವಾಗ.

ಎರಡನೇ ಸಲ ಹೋದಾಗ ಹುಡುಗ ಹೇಳಿದ್ದು, ಈಗ ಅರ್ಧ ಗಂಟೆಗೆ ಕೂಗುತ್ತದಂತೆ. ಮೊದಲಿಗಿಂತ ಐದಾರು ನಿಮಿಷ ತಡ. ಕನೆಕ್ಟರ್ ಸರಿಮಾಡಿದ್ದು ಸುಳ್ಳಾಗಿರಲಿಲ್ಲ, ಅರ್ಧ ಸತ್ಯವಾಗಿತ್ತು.

ಈ ಸಲ ಕಿವಿಯನ್ನು ನಂಬದೆ ಅಳತೆ ಮಾಡಿದೆ. ಚಿಕ್ಕ ಟ್ಯಾಂಕಿಗೆ ಸೇರುವ ಪೈಪನ್ನು ಕಿತ್ತು, ಮೆಡಿಕಲ್ ಶಾಪಿನಿಂದ ತಂದ 10 ಮಿಲಿಯ ಸಿರಿಂಜಿನ ಬಾಯಿಗೆ ಇಟ್ಟು, ಹುಡುಗನಿಗೆ ಸ್ವಿಚ್ ಒತ್ತಲು ಹೇಳಿ ಮೊಬೈಲಿನಲ್ಲಿ ಸಮಯ ಹಾಕಿದೆ. ಎಣ್ಣೆ ಹನಿ ಹನಿಯಾಗಿ ಬಂತು, ಮಗುವಿಗೆ ಔಷಧಿ ಹಾಕಿದ ಹಾಗೆ. 10ರ ಗೆರೆ ಮುಟ್ಟಲು ನಾಲ್ಕು ನಿಮಿಷ. ಗಂಟೆಗೆ 150 ಮಿಲಿ.

ಇಂಜಿನ್ನಿಗೆ ಎಷ್ಟು ಬೇಕು? ಈ ಬೋಟು 4000 ಆರ್‌ಪಿಎಂ ಸುಮಾರಿಗೆ ಓಡುವಾಗ ಗಂಟೆಗೆ 30 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಆ ಥ್ರಾಟಲಿಗೆ 80ಕ್ಕೆ 1 ಎಂದು ಹಿಡಿದರೂ ಗಂಟೆಗೆ 375 ಮಿಲಿ ಎಣ್ಣೆ. ಬರುವುದು 150, ಹೋಗುವುದು 375. ಅರ್ಧ ಗಂಟೆಗೆ ನೂರು ಮಿಲಿ ಚಿಲ್ಲರೆ ಕೊರತೆ, ಫ್ಲೋಟ್ ಕೆಳಗೆ, ಬಜರ್. ನಿಧಾನಕ್ಕೆ ಓಡಿದರೆ ಖರ್ಚು ಬರವಿಗಿಂತ ಕೆಳಗಿಳಿಯುತ್ತದೆ, ಮಟ್ಟ ಮೆಲ್ಲಗೆ ಏರಿ ಬಜರ್ ನಿಲ್ಲುತ್ತದೆ. ಬೆಳಿಗ್ಗೆ ಜನ ಹತ್ತುವಾಗ ಮುಕ್ಕಾಲು ಗಂಟೆ ಇಂಜಿನ್ ಸುಮ್ಮನೆ ಓಡುತ್ತಿರುತ್ತದೆ, ಆಗ ಖರ್ಚು ಇಲ್ಲವೆನ್ನುವಷ್ಟು ಕಡಿಮೆ, ಟ್ಯಾಂಕು ಒಂದಷ್ಟು ತುಂಬಿಕೊಳ್ಳುತ್ತದೆ. ನೇತ್ರಾಣಿಯಲ್ಲಿ ಕೀ ಬಂದ್, ಪಂಪೂ ಬಂದ್, ಏನೂ ತುಂಬುವುದಿಲ್ಲ. ಹುಡುಗ ಹೇಳಿದ ಇಪ್ಪತ್ತು ನಿಮಿಷ, ಐದು ನಿಮಿಷ ಎಲ್ಲಕ್ಕೂ ಸಿರಿಂಜಿನ ಲೆಕ್ಕದಲ್ಲೇ ಉತ್ತರವಿತ್ತು.

ಪಂಪಿಗೆ ಕರೆಂಟಿದೆ, ಪೈಪನ್ನು ಬಾಯಲ್ಲಿ ಊದಿದರೆ ಗಾಳಿ ಆರಾಮಾಗಿ ಹೋಗುತ್ತದೆ. ಉಳಿದದ್ದು ಪಂಪಿನ ಹಿಂದೆ, ಅಂದರೆ ದೊಡ್ಡ ಟ್ಯಾಂಕಿನ ತಳ. ಟ್ಯಾಂಕನ್ನು ಬಿಚ್ಚಿ ಮರಳ ಮೇಲಿಟ್ಟು ಪಂಪಿನ ಜೋಡಣೆಯನ್ನು ಮೇಲೆತ್ತಿದೆ. ತುದಿಯ ಜಾಲರಿ ಕಾಣಲೇ ಇಲ್ಲ, ಅದರ ಸುತ್ತ ತಿಳಿನೀಲಿ ಬೆರೆತ ಬಿಳಿ ಲೋಳೆ ಮೆತ್ತಿಕೊಂಡಿತ್ತು. ಬೆರಳಲ್ಲಿ ತೆಗೆದು ಉಜ್ಜಿದೆ. ಎಣ್ಣೆಯ ಜಿಡ್ಡಿಲ್ಲ, ಮೊಸರಿನ ಕೆನೆಯ ಹಾಗೆ ಮುದ್ದೆ. ಟ್ಯಾಂಕನ್ನು ಓರೆ ಮಾಡಿ ತಳದ್ದನ್ನು ಬಾಟಲಿಗೆ ಸುರಿದು ಬಿಸಿಲಲ್ಲಿಟ್ಟೆವು. ಚಹಾ ಕುಡಿದು ಬರುವಷ್ಟರಲ್ಲಿ ಕೆಳಗೆ ಎರಡು ಬೆರಳು ನೀರು, ನಡುವೆ ಲೋಳೆ, ಮೇಲೆ ನೀಲಿ ಎಣ್ಣೆ, ಮೂರು ಪದರ.

ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಟಾರ್ಪಾಲಿನ ಕತೆ ಹೊರಬಂತು. ಜುಲೈಯಲ್ಲಿ ಗಾಳಿಗೆ ಒಂದು ಕಡೆ ಹರಿದಿತ್ತು, ಸೀಟಿನ ಕೆಳಗೆ ನೀರು ನಿಂತಿತ್ತು, ಎತ್ತಿ ಚೆಲ್ಲಿದ್ದರು. ಎಣ್ಣೆ ಟ್ಯಾಂಕಿನ ಮುಚ್ಚಳದ ರಬ್ಬರ್ ವಾಷರ್ ಯಾವತ್ತೋ ಕಳೆದುಹೋಗಿತ್ತು. ನೀರು ಎಣ್ಣೆಗಿಂತ ಭಾರ, ನೇರ ತಳಕ್ಕೆ ಹೋಗಿ ಕೂರುತ್ತದೆ. ಪಂಪು ಎಳೆಯುವುದೂ ತಳದಿಂದಲೇ. ಅಕ್ಟೋಬರಿನಲ್ಲಿ ಅಷ್ಟು ಗೊತ್ತಾಗಲಿಲ್ಲ. ದಿನಾ ಅಲೆಯ ಮೇಲೆ ಕುಲುಕಿ ಕುಲುಕಿ ನೀರೂ ಎಣ್ಣೆಯೂ ಕಡೆದುಕೊಂಡು, ನವೆಂಬರ್ ಕೊನೆಗೆ ಬೆಣ್ಣೆಯಾಗಿ ಜಾಲರಿಗೆ ಕೂತಿತು. ಒಮ್ಮೆ ಎಣ್ಣೆ ಸಿಗದೆ ಸ್ಕೂಟರಿಗೆ ಹಾಕುವ 2ಟಿ (ಟೂ ಸ್ಟ್ರೋಕ್) ಎಣ್ಣೆ ಒಂದು ಲೀಟರ್ ಹಾಕಿದ್ದೂ ಆಗ ಗೊತ್ತಾಯಿತು. ಅದು ಗಾಳಿಯಲ್ಲಿ ತಂಪಾಗುವ, ಹೆಚ್ಚು ಬಿಸಿಯಲ್ಲಿ ಓಡುವ ಇಂಜಿನ್ನಿಗೆ ಮಾಡಿದ್ದು. ಸಮುದ್ರದ ನೀರಿನಲ್ಲಿ ತಂಪಾಗುವ ಇಂಜಿನ್ನಿಗೆ ಬೂದಿ ಬಿಡದ, ಡಬ್ಬಿಯ ಮೇಲೆ ಟಿಸಿ-ಡಬ್ಲ್ಯು3 ಎಂಬ ಗುರುತಿರುವ ಎಣ್ಣೆಯೇ ಬೇಕು, ಇಲ್ಲದಿದ್ದರೆ ಪ್ಲಗ್ಗಿಗೂ ಪಿಸ್ಟನ್ ತಲೆಗೂ ಗಟ್ಟಿ ಕಿಟ್ಟ ಕೂರುತ್ತದೆ. ಈ ಪ್ರಕರಣಕ್ಕೆ ಅದು ಕಾರಣವಲ್ಲ, ಆದರೂ ಬೈದೆ.

ಇಷ್ಟಾದ ಮೇಲೆ ಜಾಲರಿ ತೊಳೆದು ಹಾಕಿದರೆ ಮುಗಿಯುವುದಿಲ್ಲ. ನೀರು ಚಿಕ್ಕ ಟ್ಯಾಂಕಿಗೂ ಹೋಗಿದೆಯೇ? ಅದರ ತಳದಲ್ಲಿ ನೀರು ನೋಡಲೆಂದೇ ಒಂದು ಪಾರದರ್ಶಕ ಕೊಳವೆ ಇದೆ. ಅದರಲ್ಲಿ ಒಂದು ಅಂಗುಲ ಮಸುಕು ನೀರು ಇತ್ತು. ಮನಸ್ಸು ಹಿಂಡಿದ್ದು ಆಗ. ಸಿಲಿಂಡರಿಗೆ ಎಣ್ಣೆಯ ಬದಲು ನೀರು ಬೆರೆತದ್ದು ಹೋಗಿದ್ದರೆ ಬೇರಿಂಗಿಗೆ ತುಕ್ಕು. ನಾಲ್ಕೂ ಪ್ಲಗ್ ಬಿಚ್ಚಿ ಕಂಪ್ರೆಷನ್ (ಸಿಲಿಂಡರಿನೊಳಗೆ ಏಳುವ ಒತ್ತಡ) ನೋಡಿದೆ: 120, 118, 121, 114 ಪಿಎಸ್‌ಐ. ಒಂದಕ್ಕೊಂದು ಹತ್ತು ಪರ್ಸೆಂಟಿನೊಳಗೆ. ಬದುಕಿದೆವು. ಪ್ರಾಯಶಃ ಬದುಕಿಸಿದ್ದು ಆ 2000ದ ಕಡಿವಾಣವೇ. ಹುಡುಗನ ಮನಸ್ಸಿನಲ್ಲಿ ಬೇರೆ ಯೋಜನೆ ಇತ್ತು. "ಬಜರಿನ ವಯರ್ ಕಡ್ದ್ ಹಾಕುವನಾ ಅಂತ ಇದ್ದೆ ಅಣ್ಣ, ಗಿರಾಕಿ ಹೆದ್ರ್ತ್ರ್" ಎಂದ. ವಯರ್ ಕತ್ತರಿಸಿದರೂ ವೇಗದ ಕಡಿವಾಣ ಹೋಗುವುದಿಲ್ಲ, ಸದ್ದು ಮಾತ್ರ ಹೋಗುತ್ತದೆ. ಆಮೇಲೆ ಇನ್ನೊಬ್ಬರು ಬಂದು ಪೆಟ್ರೋಲ್ ಪಂಪ್ ಬದಲಿಸುತ್ತಾರೆ.

ಎರಡೂ ಟ್ಯಾಂಕ್ ಖಾಲಿ ಮಾಡಿ, ಹೊಸ ಎಣ್ಣೆಯಲ್ಲೇ ಎರಡೆರಡು ಸಲ ಕುಲುಕಿ ತೊಳೆದೆವು. ನೀರು, ಸೋಪು ಮುಟ್ಟಿಸಲಿಲ್ಲ. ಫ್ಲೋಟಿಗೂ ಲೋಳೆ ಅಂಟಿತ್ತು. ಒರೆಸಿ, ಮಲ್ಟಿಮೀಟರ್ ಹಚ್ಚಿ ಕೈಯಲ್ಲೇ ಮೇಲೆ ಕೆಳಗೆ ಮಾಡಿದಾಗ ಪ್ರತಿ ಗುರುತಿಗೂ ಸರಿಯಾಗಿ ಬೀಪ್ ಬಂತು. ಪೈಪ್ ಬಿಚ್ಚಿದ್ದರಿಂದ ಇಂಜಿನ್ನಿನ ಎಣ್ಣೆ ಪಂಪಿನಲ್ಲಿ ಗಾಳಿ ಸೇರಿರುತ್ತದೆ. ಅದರ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಎಣ್ಣೆ ಬರುವ ತನಕ ಕಾದು ಬಿಗಿ ಮಾಡಿದೆ. ಇದನ್ನು ಮರೆತವರ ಇಂಜಿನ್ ರಿಪೇರಿಯಾದ ದಿನವೇ ಕಚ್ಚುತ್ತದೆ, ಗಾಳಿಗುಳ್ಳೆಗೆ ಅಲಾರಂ ಇಲ್ಲ. ಥ್ರಾಟಲಿನಿಂದ ಎಣ್ಣೆ ಪಂಪಿಗೆ ಹೋಗುವ ಕಡ್ಡಿಯ ಗುರುತು ಪೂರ್ತಿ ಥ್ರಾಟಲಿನಲ್ಲಿ ಒಂದಕ್ಕೊಂದು ಕೂಡುತ್ತದೆಯೇ ಎಂದೂ ನೋಡಿದೆ, ಕೂಡಿತು. ಮತ್ತೆ ಸಿರಿಂಜ್ ಹಿಡಿಯಹೋದರೆ ಎಣ್ಣೆ ಚಿಮ್ಮಿ ಅಂಗಿಗೆ ಬಿತ್ತು. ನೀರಿನ ಬಾಟಲಿ ಕತ್ತರಿಸಿ ಹಿಡಿದೆವು, 200 ಮಿಲಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಪೈಪ್ ಸಿಕ್ಕಿಸಿ ಕೀ ಹಾಕಿದರೆ ಪಂಪು ಸ್ವಲ್ಪ ಹೊತ್ತು ಓಡಿ ತಾನೇ ನಿಂತಿತು. ಆ ನಿಶ್ಶಬ್ದ ಕೇಳಲು ನಾನು ಎರಡು ಸಲ ಬರಬೇಕಾಯಿತು.

ಮರುದಿನ ಬೆರೆಸಿದ ಪೆಟ್ರೋಲಿನಲ್ಲೇ ನೇತ್ರಾಣಿಗೆ ಹೋಗಿ ಬಂದೆವು. ದೊಡ್ಡ ಟ್ಯಾಂಕಿನ ಮೈಮೇಲೆ ಪೆನ್ನಿನಲ್ಲಿ ಗೆರೆ ಹಾಕಿದ್ದೆ, ವಾಪಸ್ ಬಂದಾಗ ಎಣ್ಣೆ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ ಇಳಿದಿತ್ತು, ಲೆಕ್ಕಕ್ಕೆ ಸರಿಯಾಗಿ. ಹಾಗೆ ಇಳಿಯುವುದನ್ನು ಇನ್ನೆರಡು ದಿನ ಕಂಡ ಮೇಲೆಯೇ ಬರೀ ಪೆಟ್ರೋಲ್ ಹಾಕಲು ಹೇಳಿದ್ದು. ಅಷ್ಟು ದಿನ "ತುಂಬಿದೆ" ಎಂದು ಅಣ್ಣ ಖುಷಿಪಡುತ್ತಿದ್ದ ಟ್ಯಾಂಕು ತುಂಬಿಯೇ ಇರುವುದು ಕೆಟ್ಟ ಲಕ್ಷಣ ಎಂದು ಯಾರಿಗೂ ಹೊಳೆದಿರಲಿಲ್ಲ. ದಿನಾ ಓಡುವ ಬೋಟಿನ ಎಣ್ಣೆ ಇಳಿಯಲೇಬೇಕು.

ಫೋರ್ ಸ್ಟ್ರೋಕ್ ಇಟ್ಟುಕೊಂಡವರಿಗೆ ಈ ಕತೆ ಹಾಗೇ ಹೊಂದುವುದಿಲ್ಲ. ಅಲ್ಲಿ ಎಣ್ಣೆಗಾಗಿ ಬಜರ್ ಕೂಗುವುದು ಎಣ್ಣೆಯ ಒತ್ತಡ ಬಿದ್ದರೆ. ಇಂಜಿನ್ ಬಂದ್ ಮಾಡಿ, ನೆಟ್ಟಗೆ ನಿಲ್ಲಿಸಿ, ಸ್ವಲ್ಪ ಕಾದು ಎಣ್ಣೆಯ ಮಟ್ಟ ತೋರಿಸುವ ಕಡ್ಡಿ ಎಳೆದು ನೋಡಬೇಕು. ಬಾಗಿಸಿಟ್ಟು ನೋಡಿದರೆ ಕಡ್ಡಿ ಸುಳ್ಳು ಹೇಳುತ್ತದೆ. ಮಟ್ಟ ಸರಿ ಇದ್ದೂ ಕೂಗಿದರೆ ಓಡಿಸಿ ನೋಡುವ ಪ್ರಯೋಗ ಬೇಡ, ಎಳೆದು ತರಿಸಿ.

ಮೀಟರ್ ಇನ್ನೂ ಬದಲಾಗಿಲ್ಲ. ಬೆಲೆ ಕೇಳಿ ಅಣ್ಣ "ಬಪ್ಪ ವರ್ಷ ಕಾಂಬ" ಎಂದರು. ಅಲ್ಲಿಯ ತನಕ ಹುಡುಗ ಪ್ರತಿ ಟ್ರಿಪ್ಪಿಗೆ ಮೊದಲು ಕೌಲಿಂಗ್ ಎತ್ತಿ ಚಿಕ್ಕ ಟ್ಯಾಂಕಿಗೆ ಟಾರ್ಚ್ ಬಿಡುತ್ತಾನೆ. ಸೋಮವಾರ ಸೋಮವಾರ ಅದರ ತಳದ ಕೊಳವೆಯ ಫೋಟೋ ನನಗೆ ವಾಟ್ಸಾಪಿನಲ್ಲಿ ಬರುತ್ತದೆ. ತುರ್ತು ಸ್ವಿಚ್ಚಿನ ಮೇಲಿದ್ದ ಒರೆಸುವ ಬಟ್ಟೆಯನ್ನು ಈಗ ಸ್ಟಿಯರಿಂಗಿಗೆ ಕಟ್ಟಿದ್ದಾರೆ.